‘ಮಾರ್ಕೆಟ್ ವ್ಯಾಲ್ಯೂ ಪ್ರಕಾರ ಕೊಡಣ್ಣ’ ಅಂದಳು ತಂಗಿ. ಯಾವ ವ್ಯಾಲ್ಯೂ?

ಸಿದ್ಧಗಂಗೆ_ದಾರಿ:
ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ನಮ್ಮಪ್ಪ 1988ರಲ್ಲಿ ತೆಗೆದುಕೊಂಡ 30×40 ಸೈಟ್ ಇದೆ. ಮೇಲೊಂದು ಹಂಚಿನ ಮನೆ, ಅದಕ್ಕೆ ಈಗ ಬೆಲೆ ಅಂತ ಏನೂ ಇಲ್ಲ. ಅಪ್ಪ, ಅಮ್ಮ ಇಬ್ಬರೂ ತೀರಿಕೊಂಡಿದ್ದಾರೆ. ವಿಲ್ ಬರೆದಿಲ್ಲ. ಮಕ್ಕಳು ನಾವಿಬ್ಬರೇ, ನಾನು ಮತ್ತು ತಂಗಿ. ಮನೆ ನಾನೇ ಇಟ್ಟುಕೊಳ್ಳುತ್ತೇನೆ, ನಿನ್ನ ಪಾಲಿನ ದುಡ್ಡು ಕೊಡುತ್ತೇನೆ ಅಂದೆ. ‘ಮಾರ್ಕೆಟ್ ವ್ಯಾಲ್ಯೂ ಪ್ರಕಾರ ಅರ್ಧ ಕೊಡಣ್ಣ, ಸಾಕು’ ಅಂದಳು. ಜಗಳ ಏನೂ ಇಲ್ಲ.

ಆದರೆ ಲೆಕ್ಕಕ್ಕೆ ಕೂತರೆ ನಾಲ್ಕು ಬೆಲೆ ಎದುರಿಗೆ ಬಂದವು. ಗೈಡೆನ್ಸ್ ವ್ಯಾಲ್ಯೂ, ಅಂದರೆ ನೋಂದಣಿಗೆ ಅಂತ ಸರ್ಕಾರ ಗೊತ್ತುಮಾಡಿದ ದರ, ಅಡಿಗೆ 1,500, ಒಟ್ಟು 18 ಲಕ್ಷ. ಹೋದ ವರ್ಷ ರಿಪೇರಿ ಸಾಲ ಕೇಳಿದಾಗ ಬ್ಯಾಂಕಿನ ವ್ಯಾಲ್ಯೂಯರ್ ಬಂದು ನೋಡಿದ್ದರು. ಖಾತೆ ಜಂಟಿ ಅಂತ ಸಾಲ ಆಗಲಿಲ್ಲ, ರಿಪೋರ್ಟ್ ಮಾತ್ರ ಉಳಿಯಿತು. ಅದರಲ್ಲಿ ‘ಫೇರ್ ಮಾರ್ಕೆಟ್ ವ್ಯಾಲ್ಯೂ’ 34,80,000. ಅದೇ ಹಾಳೆಯ ಕೆಳಗೆ ‘ಡಿಸ್ಟ್ರೆಸ್ ವ್ಯಾಲ್ಯೂ’, ಅಂದರೆ ಅವಸರಕ್ಕೆ ಮಾರಿದರೆ ಬರುವ ಬೆಲೆ, 27,84,000. ನಮ್ಮ ರಸ್ತೆಯ ಬ್ರೋಕರ್ ಅಡಿಗೆ 3,400 ಅನ್ನುತ್ತಾರೆ, ಅಂದರೆ 40,80,000.

ನಮ್ಮ ಚಿಕ್ಕಪ್ಪ ಹೇಳುವುದು, ‘ಸರ್ಕಾರ ಹೇಳಿದ್ದೇ ಮಾರ್ಕೆಟ್ ವ್ಯಾಲ್ಯೂ ಕಣೋ, 9 ಲಕ್ಷ ಕೊಟ್ಟು ಸಹಿ ಹಾಕಿಸಿಕೋ.’ ಅವರು ಹೇಳುವುದು ಸರೀನಾ?

ಬಾಂಡ್‌ಪೇಪರ್:
ಸರ್, ನಾನು 20 ವರ್ಷದಿಂದ ಆಸ್ತಿ ಪತ್ರ ಬರೆಯುವವನು. ನಿಮ್ಮ ಚಿಕ್ಕಪ್ಪ ಹೇಳಿದ್ದು ತಪ್ಪು. ಆದರೆ ಆ ತಪ್ಪು ಅವರೊಬ್ಬರದಲ್ಲ, ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ನಿಂತ ನೂರರಲ್ಲಿ ತೊಂಬತ್ತು ಜನ ಹಾಗೇ ಮಾತಾಡುತ್ತಾರೆ.

ಕರ್ನಾಟಕ ಸ್ಟಾಂಪ್ ಕಾಯ್ದೆ 1957ರದ್ದು. ಅದರಲ್ಲಿ ಮಾರುಕಟ್ಟೆ ಬೆಲೆಗೆ ಅರ್ಥ ಕೊಟ್ಟಿದ್ದಾರೆ. ಪತ್ರ ಬರೆದುಕೊಟ್ಟ ದಿನ ಆ ಆಸ್ತಿಯನ್ನು ಬಯಲು ಮಾರುಕಟ್ಟೆಯಲ್ಲಿ ಮಾರಿದ್ದರೆ ಎಷ್ಟು ಬರುತ್ತಿತ್ತು, ಅಥವಾ ಪತ್ರದಲ್ಲಿ ಎಷ್ಟು ಬರೆದಿದ್ದೀರಿ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದು. ಗೈಡೆನ್ಸ್ ವ್ಯಾಲ್ಯೂ ಬರುವುದು ಅದೇ ಕಾಯ್ದೆಯ 45-ಬಿ ಕಲಮಿನಿಂದ. ಕೇಂದ್ರ ಮೌಲ್ಯಮಾಪನ ಸಮಿತಿ ಅಂತ ಇದೆ, ಅವರು ಬಡಾವಣೆ, ರಸ್ತೆ, ಊರು ಅಂತ ಹಿಡಿದು ದರ ಹಾಕುತ್ತಾರೆ. ‘ಇದಕ್ಕಿಂತ ಕಡಿಮೆ ಬರೆದರೆ ನಾವು ಸುಮ್ನೆ ನಂಬುವುದಿಲ್ಲ’ ಅಂತ ಸರ್ಕಾರ ಎಳೆದ ಗೆರೆ ಅದು. ನಿಜವಾಗಿಯೂ ಅದಕ್ಕಿಂತ ಕಡಿಮೆಗೆ ಮಾರಿದ್ದರೂ ದಾರಿ ಇದೆ. 45-ಎ ಪ್ರಕಾರ ಜಿಲ್ಲಾ ನೋಂದಣಾಧಿಕಾರಿ ಹತ್ತಿರ ಹೋಗುತ್ತದೆ, ಅವರು ವಿಚಾರಣೆ ಮಾಡಿ ಬೆಲೆ ತೀರ್ಮಾನಿಸುತ್ತಾರೆ. ಅಂದಮೇಲೆ ಗೈಡೆನ್ಸೇ ಕೊನೆಯ ಮಾತಲ್ಲ ಅಂತ ಕಾಯ್ದೆಯೇ ಒಪ್ಪಿಕೊಂಡಂತೆ ಆಯಿತಲ್ಲ?

ಇನ್ನೊಂದು ವಿಷಯ. ಈ ದರ ದಿನಾ ಬದಲಾಗುವುದಿಲ್ಲ. ರಾಜ್ಯದಲ್ಲೆಲ್ಲ ದೊಡ್ಡದಾಗಿ ಏರಿಸಿದ್ದು 2023ರ ಅಕ್ಟೋಬರ್ 1ರಿಂದ. ಅದಕ್ಕೆ ಮೊದಲು ಸುಮಾರು ಐದು ವರ್ಷ ಹಳೆಯ ದರವೇ ನಡೆದಿತ್ತು. ಆ ಐದು ವರ್ಷ ನಿಮ್ಮ ರಸ್ತೆ ಸುಮ್ನೆ ಕೂತಿತ್ತಾ?

ಅಡಿಕೆಮನೆ:
ನಮ್ಮ ಕಡೆ ಇದನ್ನು ಮಕ್ಕಳಿಗೂ ಹೇಳಿಕೊಡಬೇಕಾಗಿಲ್ಲ. ಪೇಪರಿನಲ್ಲಿ ದಿನಾ ಅಡಿಕೆ ಧಾರಣೆ ಬರುತ್ತದೆ. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ದರ್ಜೆಗಳು, ಒಂದೊಂದಕ್ಕೂ ಕನಿಷ್ಠ ಒಂದು, ಗರಿಷ್ಠ ಒಂದು, ಮಧ್ಯದಲ್ಲಿ ಮಾದರಿ ಬೆಲೆ ಒಂದು. ಮಾದರಿ ಅಂದರೆ ಸರಾಸರಿ ಅಲ್ಲ, ಆವತ್ತು ಹೆಚ್ಚು ಮಾಲು ಯಾವ ಬೆಲೆಗೆ ಹೋಯಿತೋ ಅದು. ‘ಇವತ್ತು ರೇಟ್ ಎಷ್ಟು’ ಅಂತ ಕೇಳಿದರೆ ಮಾರುವವನು ಗರಿಷ್ಠ ಹೇಳುತ್ತಾನೆ, ಕೊಳ್ಳುವವನು ಕನಿಷ್ಠ ಹೇಳುತ್ತಾನೆ. ಇಬ್ಬರೂ ಸುಳ್ಳು ಹೇಳಿಲ್ಲ.

ನಿಮ್ಮ ಬ್ರೋಕರ್ ಹೇಳಿದ್ದು ಗರಿಷ್ಠ. ಚಿಕ್ಕಪ್ಪ ಹೇಳಿದ್ದು ಕನಿಷ್ಠವೂ ಅಲ್ಲ, ಅದು ಮಂಡಿಯ ಹೊರಗಿನ ಲೆಕ್ಕ.

ಸಿದ್ಧಗಂಗೆ_ದಾರಿ:
ಅಡಿಕೆಮನೆ ಸರ್, ಚೆನ್ನಾಗಿ ಹೇಳಿದಿರಿ. ಆದರೆ ಅಡಿಕೆಗೆ ದಿನಾ ಟೆಂಡರ್ ಇದೆ, ನಮ್ಮ ರಸ್ತೆಯಲ್ಲಿ ಮೂರು ವರ್ಷಕ್ಕೆ ಒಂದು ಸೈಟ್ ಮಾರಾಟ ಆದರೆ ಹೆಚ್ಚು. ಮೂರು ಮನೆ ಆಚೆ ಇರುವ ಸೈಟ್ ಈಚೆಗೆ ಕೈ ಬದಲಾಯಿತು. ಆ ಕ್ರಯಪತ್ರದ ನಕಲು ನೋಡಿದೆ, 18 ಲಕ್ಷದ 50 ಸಾವಿರ ಅಂತ ಇದೆ. ಅದೂ 30×40. ಹಾಗಾದರೆ ಚಿಕ್ಕಪ್ಪ ಹೇಳಿದ್ದು ಸರಿಯೇ ಆಯಿತಲ್ಲ? ಕಾಗದದ ಸಾಕ್ಷಿ ಇದೆ.

ಬಾಂಡ್‌ಪೇಪರ್:
ಆ ಕಾಗದ ನೀವು ನಂಬುತ್ತೀರಾ ಸರ್? ಗೈಡೆನ್ಸ್ 18 ಲಕ್ಷ, ಪತ್ರದಲ್ಲಿ 18 ಲಕ್ಷದ 50 ಸಾವಿರ. ಗೆರೆ ಮುಟ್ಟಿ, ಅನುಮಾನ ಬಾರದಿರಲಿ ಅಂತ ಚೂರು ಮೇಲೆ. ಉಳಿದದ್ದು ಬ್ಲಾಕಿನಲ್ಲಿ ಹೋಗಿರುತ್ತದೆ. ಹೆಸರು ಹೇಳದೆ ಒಪ್ಪಿಕೊಳ್ಳುತ್ತೇನೆ, ಇಂಥ ಪತ್ರಗಳನ್ನು ನಾನೂ ಬರೆದಿದ್ದೇನೆ. ಪಾರ್ಟಿ ಹೇಳಿದ ಮೊತ್ತ ಬರೆಯುವುದು ನಮ್ಮ ಕೆಲಸ.

ಇದರ ಕೆಟ್ಟತನ ಎಲ್ಲಿದೆ ನೋಡಿ. ಸಮಿತಿ ದರ ಪರಿಷ್ಕರಿಸುವಾಗ ಏನು ನೋಡುತ್ತದೆ? ಆ ಜಾಗದಲ್ಲಿ ನೋಂದಣಿಯಾದ ಪತ್ರಗಳನ್ನು. ಜನ ಪತ್ರದಲ್ಲಿ ಎಷ್ಟು ಬರೆಯುತ್ತಾರೆ? ಗೈಡೆನ್ಸ್ ಎಷ್ಟಿದೆಯೋ ಅಷ್ಟನ್ನು. ಪತ್ರ ನೋಡಿ ದರ, ದರ ನೋಡಿ ಪತ್ರ. ಗಾಣದ ಎತ್ತು ಸುತ್ತಿದ ಹಾಗೆ. ಅದರ ನಡುವೆ ನಿಜವಾದ ಬೆಲೆ ಎಲ್ಲೂ ಬರೆದೇ ಇರುವುದಿಲ್ಲ. ಇಬ್ಬರ ತಲೆಯಲ್ಲಿ, ಒಂದು ಚೀಲದಲ್ಲಿ ಇರುತ್ತದೆ ಅಷ್ಟೆ.

ಲೆಕ್ಕದ_ಮೇಷ್ಟ್ರು:
ಚೀಲದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಂಡರೆ, ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಆದಾಯ ತೆರಿಗೆ ಕಾನೂನು ಇದನ್ನು 2015ರಲ್ಲೇ ಹೇಳಿದೆ.

ತೆರಿಗೆ ಲೆಕ್ಕದಲ್ಲಿ ಮಾರ್ಕೆಟ್ ವ್ಯಾಲ್ಯೂ ಅನ್ನುವುದು ಇನ್ನೊಂದೇ ಪ್ರಾಣಿ. 1961ರ ಆದಾಯ ತೆರಿಗೆ ಕಾಯ್ದೆಯ 50ಸಿ ಕಲಂ ಬಗ್ಗೆ ಕೇಳಿರುತ್ತೀರಿ, 2025ರ ಹೊಸ ಕಾಯ್ದೆಯಲ್ಲೂ ಆ ನಿಯಮ ಇದೆ. ನೀವು ಮಾರಿದ ಬೆಲೆಗಿಂತ ಸ್ಟಾಂಪ್ ಲೆಕ್ಕದ ಬೆಲೆ (ಸಾಮಾನ್ಯವಾಗಿ ಗೈಡೆನ್ಸ್) ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಮೇಲಿದ್ದರೆ, ನಿಮ್ಮ ಕೈಗೆ ಬಂದಿದ್ದು ಎಷ್ಟೇ ಇರಲಿ, ಸ್ಟಾಂಪ್ ಬೆಲೆಗೇ ಮಾರಿದ್ದೀರಿ ಅಂತ ಹಿಡಿದು ತೆರಿಗೆ ಹಾಕುತ್ತಾರೆ. ಕೊಂಡವರನ್ನೂ ಬಿಡುವುದಿಲ್ಲ, ಆ ವ್ಯತ್ಯಾಸ ಅವರ ಆದಾಯ ಅನ್ನುವ ಕಲಂ ಬೇರೆ ಇದೆ. ‘ನಿಜವಾಗಿ ಅಷ್ಟು ಬೆಲೆ ಇಲ್ಲ ಸ್ವಾಮಿ’ ಅಂತ ತಕರಾರು ಮಾಡಿದರೆ ಇಲಾಖೆಯ ವ್ಯಾಲ್ಯೂಯೇಶನ್ ಆಫೀಸರ್‌ಗೆ ಕಳಿಸಬಹುದು.

ನಿಮ್ಮ ಕೇಸಿನಲ್ಲಿ ಇನ್ನೊಂದು ಬೆಲೆಯೂ ಬರುತ್ತದೆ, ಐದನೆಯದು. ಅಪ್ಪ ತೆಗೆದುಕೊಂಡಿದ್ದು 1988ರಲ್ಲಿ. ಹಾಗಾಗಿ 2001ರ ಏಪ್ರಿಲ್ 1ರಂದು ಎಷ್ಟು ಬೆಲೆ ಇತ್ತೋ ಅದನ್ನೇ ಅಸಲು ಅಂತ ತೋರಿಸಬಹುದು. ತಂಗಿ ದುಡ್ಡು ತೆಗೆದುಕೊಂಡು ಹಕ್ಕು ಬಿಟ್ಟುಕೊಟ್ಟರೆ ಅವರಿಗೆ ಕ್ಯಾಪಿಟಲ್ ಗೇನ್ಸ್, ಅಂದರೆ ಆಸ್ತಿ ಮಾರಿದ ಲಾಭದ ಮೇಲಿನ ತೆರಿಗೆಯ ಪ್ರಶ್ನೆ ಏಳಬಹುದು. ಆಗ ಆ ಐದನೆಯ ಬೆಲೆ ಬೇಕಾಗುತ್ತದೆ. ಅದಕ್ಕೂ ಮಿತಿ ಇದೆ, 2001ರ ಸ್ಟಾಂಪ್ ಬೆಲೆ ದಾಟುವ ಹಾಗಿಲ್ಲ. ಕಾಗದ ಹೇಗೆ ಬರೆಯುತ್ತೀರಿ ಅನ್ನುವುದರ ಮೇಲೂ ನಿಂತಿದೆ. ಸಹಿ ಹಾಕುವ ಮೊದಲು ಅವರು ಒಬ್ಬ ಆಡಿಟರ್ ಹತ್ತಿರ ಕೂತು ಮಾತಾಡಲಿ. ನಿಮ್ಮ ಆಡಿಟರ್ ಅಲ್ಲ, ಅವರ ಆಡಿಟರ್.

ಪುಟ್ಟಕ್ಕ:
ಇಷ್ಟೆಲ್ಲ ಕಲಂ ಬೇಡ. ಸಿದ್ಧಗಂಗೆ_ದಾರಿ ಅವರೇ, ಒಂದು ಪ್ರಶ್ನೆ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನೀವು ಕೊಡುವ 9 ಲಕ್ಷ ಹಿಡಿದುಕೊಂಡು ನಿಮ್ಮ ತಂಗಿ ಅದೇ ರಸ್ತೆಯಲ್ಲಿ ಅರ್ಧ ಸೈಟ್ ತೆಗೆದುಕೊಳ್ಳೋಕೆ ಆಗುತ್ತಾ? ಆಗುತ್ತೆ ಅಂದರೆ ಅದು ಮಾರ್ಕೆಟ್ ವ್ಯಾಲ್ಯೂ. ಆಗಲ್ಲ ಅಂದರೆ ಅಲ್ಲ.

ತಿರುಗಿಸಿಯೂ ಕೇಳಿಕೊಳ್ಳಿ. ನಾಳೆ ತಂಗಿಯೇ ಬಂದು ‘ಅಣ್ಣ, ನಾನೇ ನಿನಗೆ 9 ಲಕ್ಷ ಕೊಡ್ತೀನಿ, ಮನೆ ನನಗೆ ಬಿಡು’ ಅಂದರೆ ಸಹಿ ಹಾಕುತ್ತೀರಾ?

ನನ್ನದು 2012ರಲ್ಲಿ ಆಗಿದೆ. ಗೈಡೆನ್ಸ್ ಲೆಕ್ಕದಲ್ಲೇ ಪಾಲು ತೆಗೆದುಕೊಂಡೆ. ಆಗ ಆ ಪದದ ಅರ್ಥವೇ ನನಗೆ ಗೊತ್ತಿರಲಿಲ್ಲ. ‘ಸರ್ಕಾರಿ ರೇಟ್ ಅಮ್ಮ’ ಅಂದರು, ಸರ್ಕಾರಿ ಅಂದಮೇಲೆ ನ್ಯಾಯವಾಗಿಯೇ ಇರುತ್ತದೆ ಅಂದುಕೊಂಡೆ. ಮೂರೇ ವರ್ಷಕ್ಕೆ ಆ ಜಾಗ ಮಾರಿದರು. ಎಷ್ಟಕ್ಕೆ ಅಂತ ನನಗೆ ಹೇಳಿದ್ದು ತರಕಾರಿ ಅಂಗಡಿಯವರು. ಗೌರಿ ಹಬ್ಬಕ್ಕೆ ಬಾಗಿನ ಬರುತ್ತದೆ ಇನ್ನೂ. ತೆಗೆದುಕೊಳ್ಳುತ್ತೇನೆ.

ಗೇರ್_ಬಾಕ್ಸ್:
ವಿಷಯಾಂತರ, ಕ್ಷಮಿಸಿ. ನನ್ನ ಕಾರು ಆಕ್ಸಿಡೆಂಟ್ ಆಗಿ ಟೋಟಲ್ ಲಾಸ್ ಅಂತ ಬರೆದಿದ್ದಾರೆ. ಮಾರ್ಕೆಟ್‌ನಲ್ಲಿ ಅದೇ ಮಾಡಲ್ ಗಾಡಿಗೆ 6 ಲಕ್ಷ ಇದೆ, ಇನ್ಶೂರೆನ್ಸ್ ಕಂಪನಿ 5 ಲಕ್ಷ ಮಾತ್ರ ಅನ್ನುತ್ತದೆ. ಇದು ಯಾವ ಮಾರ್ಕೆಟ್ ವ್ಯಾಲ್ಯೂ?

ಲೆಕ್ಕದ_ಮೇಷ್ಟ್ರು:
ಗೇರ್_ಬಾಕ್ಸ್, ಪಾಲಿಸಿಯ ಮೇಲೆ ಐಡಿವಿ (ಇನ್ಶೂರ್ಡ್ ಡಿಕ್ಲೇರ್ಡ್ ವ್ಯಾಲ್ಯೂ) ಅಂತ ಇರುತ್ತದೆ ನೋಡಿ. ಗಾಡಿ ತಯಾರಿಸುವ ಕಂಪನಿಯ ಹೊಸ ಗಾಡಿ ಬೆಲೆಯಿಂದ ವಯಸ್ಸಿಗೆ ತಕ್ಕಂತೆ ಕಳೆದದ್ದು. ಒಂದು ವರ್ಷ ದಾಟಿ ಎರಡರೊಳಗಿದ್ದರೆ ನೂರಕ್ಕೆ 20, ಎರಡು ದಾಟಿ ಮೂರರೊಳಗೆ 30, ಹೀಗೆ ಐದು ವರ್ಷಕ್ಕೆ 50ರವರೆಗೆ. ಪಾಲಿಸಿ ಮುಗಿಯುವ ತನಕ ಅದನ್ನೇ ಮಾರ್ಕೆಟ್ ವ್ಯಾಲ್ಯೂ ಅಂತ ಎರಡೂ ಕಡೆಯವರು ಒಪ್ಪಿದ್ದೀರಿ. ಹೊರಗಡೆ ರೇಟ್ ಏರಿದರೂ ಇಳಿದರೂ ಅದೇ. ಪ್ರೀಮಿಯಂ ಕಡಿಮೆ ಆಗಲಿ ಅಂತ ಐಡಿವಿ ಇಳಿಸಿಕೊಂಡಿದ್ದರೆ ಈಗ ಏನೂ ಮಾಡಲು ಬರುವುದಿಲ್ಲ.

ಗೇರ್_ಬಾಕ್ಸ್:
ಇಳಿಸಿಕೊಂಡಿದ್ದೆ. 😐

ಕೃಷ್ಣಾತೀರ:
ಬಾಂಡ್‌ಪೇಪರ್ ಅವರು ಗಾಣದ ಎತ್ತು ಅಂದರಲ್ಲ, ಆ ಗಾಣದಲ್ಲಿ ಅರೆದುಹೋದವರು ನಾವು. ಬಾಗಲಕೋಟೆ ಕಡೆಯವನು ನಾನು. ನಮ್ಮ ಜಮೀನು ಮುಳುಗಡೆ ಲೆಕ್ಕದಲ್ಲಿದೆ. ಆಲಮಟ್ಟಿ ಅಣೆಕಟ್ಟಿನ ಎತ್ತರ 519.60 ಮೀಟರಿನಿಂದ 524.256ಕ್ಕೆ ಏರಿಸಬೇಕು ಅನ್ನುವ ಯೋಜನೆ.

ಭೂಸ್ವಾಧೀನಕ್ಕೆ 2013ರ ಕಾಯ್ದೆ ಇದೆ, 2014ರ ಜನವರಿ 1ರಿಂದ ಜಾರಿ. ಅದರ 26ನೇ ಕಲಮಿನಲ್ಲಿ ಮಾರುಕಟ್ಟೆ ಬೆಲೆ ಹೇಗೆ ಕಟ್ಟಬೇಕು ಅಂತ ಇದೆ. ಸ್ಟಾಂಪ್ ಕಾಯ್ದೆಯ ದರ ಒಂದು. ಹತ್ತಿರದ ಊರುಗಳಲ್ಲಿ ಹಿಂದಿನ ಮೂರು ವರ್ಷದಲ್ಲಿ ಅಂಥದೇ ಜಮೀನು ಮಾರಿದ ಪತ್ರ ತೆಗೆದು, ಅದರಲ್ಲಿ ಹೆಚ್ಚು ಬೆಲೆ ಬರೆದಿರುವ ಅರ್ಧದಷ್ಟು ಪತ್ರ ಆರಿಸಿ, ಅವುಗಳ ಸರಾಸರಿ ಇನ್ನೊಂದು. ಇವೆರಡರಲ್ಲಿ ಯಾವುದು ಜಾಸ್ತಿಯೋ ಅದು. ಹಳ್ಳಿಯ ಜಮೀನಿಗೆ ಅದನ್ನು ಒಂದರಿಂದ ಎರಡು ಪಟ್ಟಿನವರೆಗೆ ಗುಣಿಸುತ್ತಾರೆ. ಅದರ ಮೇಲೆ ಅಷ್ಟೇ ಮೊತ್ತದ ಸೊಲೇಶಿಯಂ, ಅಂದರೆ ಒತ್ತಾಯದಿಂದ ತೆಗೆದುಕೊಂಡಿದ್ದಕ್ಕೆ ಕೊಡುವ ಹೆಚ್ಚುವರಿ ಪರಿಹಾರ.

ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಹೆಚ್ಚು ಬೆಲೆ ಬರೆದಿರುವ ಪತ್ರ ಎಲ್ಲಿದೆ ರೀ? ನಮ್ಮೂರಲ್ಲಿ ಎಲ್ಲರೂ ಸ್ಟಾಂಪ್ ಉಳಿಸೋಕೆ ಕಡಿಮೆ ಬರೆದವರೇ. ನಮ್ಮಜ್ಜನೂ ಬರೆದಿದ್ದ. ಆವತ್ತು ಒಂದಿಷ್ಟು ಸಾವಿರ ಉಳಿಯಿತು. ಈಗ ಅದೇ ಪತ್ರ ನಮ್ಮ ಎದುರು ಸಾಕ್ಷಿ ಹೇಳುತ್ತದೆ.

2025ರ ಸೆಪ್ಟೆಂಬರಿನಲ್ಲಿ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ಅಂತ ತೀರ್ಮಾನ ಮಾಡಿತು. ಅದಕ್ಕೆ ಮಾರ್ಕೆಟ್ ವ್ಯಾಲ್ಯೂ ಅನ್ನಬೇಡಿ. ಅದು ಒಪ್ಪಂದದ ಬೆಲೆ. ಮಾರ್ಕೆಟ್ ಅಂದರೆ ಮಾರುವುದಿಲ್ಲ ಅನ್ನುವ ಹಕ್ಕೂ ಇರಬೇಕಲ್ಲ.

ಕರಿಕೋಟು:
ಕೃಷ್ಣಾತೀರ ಅವರ ಕೊನೆಯ ಮಾತು ಕೋರ್ಟಿನಲ್ಲಿ ಬಹಳ ಹಿಂದೆಯೇ ಚರ್ಚೆಯಾಗಿದೆ. ವಿಶಾಖಪಟ್ಟಣದ ಬಂದರಿನ ಹತ್ತಿರದ ಜಮೀನೊಂದನ್ನು 1928ರ ಹೊತ್ತಿಗೆ ಸರ್ಕಾರ ವಶಪಡಿಸಿಕೊಂಡಿತು. ಮಲೇರಿಯಾ ತಡೆಯುವ ಕೆಲಸಕ್ಕೆ ಬೇಕಾಗಿತ್ತು. ಜಾಗದಲ್ಲಿ ಒಳ್ಳೆಯ ನೀರಿನ ಒಂದು ಊಟೆ ಇತ್ತು. ಆ ನೀರು ಯಾರಿಗೆ ಬೇಕು? ಬಂದರಿನವರಿಗೆ ಬಿಟ್ಟರೆ ಇನ್ಯಾರಿಗೂ ಉಪಯೋಗ ಇಲ್ಲ. ಕೊಳ್ಳುವವರು ಒಬ್ಬರೇ ಆದಮೇಲೆ ಆ ನೀರಿಗೆ ಬೆಲೆ ಕಟ್ಟಬೇಕಾ ಅಂತ ಪ್ರಶ್ನೆ. 1939ರಲ್ಲಿ ಪ್ರಿವಿ ಕೌನ್ಸಿಲ್, ಅಂದರೆ ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟ್, ಕಟ್ಟಬೇಕು ಅಂದಿತು. ಮಾರಲು ಮನಸ್ಸಿರುವವನು, ಕೊಳ್ಳಲು ಮನಸ್ಸಿರುವವನು, ಇಬ್ಬರೂ ಕೂತು ಮಾತಾಡಿದ್ದರೆ ಯಾವ ಬೆಲೆಗೆ ಬರುತ್ತಿದ್ದರು ಅಂತ ಊಹಿಸಬೇಕು. ಮಾಲೀಕನ ಒಲ್ಲದ ಮನಸ್ಸನ್ನೂ ಕೊಳ್ಳುವವನ ಅವಸರವನ್ನೂ ಲೆಕ್ಕಕ್ಕೆ ಹಿಡಿಯಬಾರದು. ಇವತ್ತಿಗೂ ನಮ್ಮ ಕೋರ್ಟುಗಳು ಮಾರುಕಟ್ಟೆ ಬೆಲೆ ಅಂದರೆ ಆ ತೀರ್ಪಿನ ಕಡೆಗೆ ಹೋಗುತ್ತವೆ.

ಗೈಡೆನ್ಸ್ ಬಗ್ಗೆಯೂ ಒಂದು ಹೇಳಿಬಿಡುತ್ತೇನೆ. 1994ರಲ್ಲಿ ಆಗಿನ ಆಂಧ್ರದ ಅದಿಲಾಬಾದ್ ಕಡೆಯ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್, ಸ್ಟಾಂಪ್ ವಸೂಲಿಗಾಗಿ ಇಟ್ಟುಕೊಂಡ ಬೆಲೆ ಪಟ್ಟಿ ಹಿಡಿದು ಭೂಸ್ವಾಧೀನದ ಪರಿಹಾರ ಕಟ್ಟಲು ಬರುವುದಿಲ್ಲ ಅಂದಿತ್ತು. 2013ರ ಕಾಯ್ದೆ ಆ ದರವನ್ನು ಒಳಗೆ ತಂದಿದೆ ನಿಜ. ಆದರೆ ಅಲ್ಲೂ ಅದು ಹಲವು ಅಳತೆಗಳಲ್ಲಿ ಒಂದು ಮಾತ್ರ.

ಸಿದ್ಧಗಂಗೆ_ದಾರಿ ಅವರಿಗೆ ಬೇಕಾಗಿರುವುದು ಇದಲ್ಲ ಅಂತ ಗೊತ್ತು. ನಿಮ್ಮ ವಿಷಯ ಕೋರ್ಟಿಗೆ ಹೋದರೆ 1893ರ ಪಾರ್ಟಿಶನ್ ಕಾಯ್ದೆ ಇದೆ. 30×40 ಅನ್ನು ನಡುವೆ ಗೋಡೆ ಹಾಕಿ ಹಂಚುವುದು ಅರ್ಥವಿಲ್ಲ ಅಂತ ಒಬ್ಬರು ಮಾರಾಟ ಕೇಳಬಹುದು. ಆಗ ಇನ್ನೊಬ್ಬರು ‘ಅವರ ಪಾಲು ನಾನೇ ಕೊಳ್ಳುತ್ತೇನೆ’ ಅಂದರೆ ಕೋರ್ಟ್ ಬೆಲೆ ಕಟ್ಟಿಸಿ ಕೊಡುತ್ತದೆ. ಆ ಬೆಲೆ ಕಟ್ಟುವವರು ಗೈಡೆನ್ಸ್ ಪಟ್ಟಿ ನೋಡಿ ಸುಮ್ನೆ ಬರೆದುಕೊಡುವುದಿಲ್ಲ.

ಮತ್ತೊಂದು ತಮಾಷೆ. 1958ರ ನಮ್ಮ ಕೋರ್ಟ್ ಫೀ ಕಾಯ್ದೆಯ 7ನೇ ಕಲಂ ಪ್ರಕಾರ, ಕೆಲವು ಬಗೆಯ ದಾವೆಗಳಲ್ಲಿ ಕಂದಾಯ ಕಟ್ಟುವ ಜಮೀನಿನ ಮಾರುಕಟ್ಟೆ ಬೆಲೆ ಅಂದರೆ ಕಂದಾಯದ 25 ಪಟ್ಟು. ವರ್ಷಕ್ಕೆ 4 ರೂಪಾಯಿ ಕಂದಾಯ ಇದ್ದರೆ ಮಾರುಕಟ್ಟೆ ಬೆಲೆ 100 ರೂಪಾಯಿ. ಕೋಟಿ ಬಾಳುವ ಜಮೀನಿನ ದಾವೆಯಲ್ಲಿ ಈ ಮೊತ್ತ ಬರೆದು ನಾನೇ ಸಲ್ಲಿಸಿದ್ದೇನೆ. ಅದೂ ಮಾರುಕಟ್ಟೆ ಬೆಲೆಯೇ, ಕಾನೂನಿನ ಪ್ರಕಾರ.

ಅಡಿಕೆಮನೆ:
100 ರೂಪಾಯಿಗೆ ಕೊಡುತ್ತಾರೆ ಅಂದರೆ ನಾನು ಇವತ್ತೇ ಎರಡು ಎಕರೆ ತೆಗೆದುಕೊಳ್ಳುತ್ತೇನೆ.

ಫ್ರೀಮಾಂಟ್_ಕನ್ನಡಿಗ:
ಇಲ್ಲಿ ಕ್ಯಾಲಿಫೋರ್ನಿಯಾದಲ್ಲೂ ಇದೇ ಕಥೆ. 1978ರಲ್ಲಿ ಒಂದು ಕಾನೂನು ಬಂತು. ಮನೆ ಕೊಂಡ ಬೆಲೆಯ ಮೇಲೆ ತೆರಿಗೆ, ಆ ಲೆಕ್ಕದ ಬೆಲೆ ವರ್ಷಕ್ಕೆ ನೂರಕ್ಕೆ 2ಕ್ಕಿಂತ ಜಾಸ್ತಿ ಏರುವ ಹಾಗಿಲ್ಲ. ಹಾಗಾಗಿ ಪಕ್ಕದ ಮನೆಯ ಅಜ್ಜಿಯದೂ ನನ್ನದೂ ಒಂದೇ ಅಳತೆಯ ಮನೆ, ಕೌಂಟಿಯ ಪುಸ್ತಕದಲ್ಲಿ ಅಜ್ಜಿ ಮನೆಯ ಬೆಲೆ ನನ್ನದರ ಕಾಲು ಭಾಗವೂ ಇಲ್ಲ. ಆದರೆ ಆ ಬೆಲೆಗೆ ಮನೆ ಕೊಡಿ ಅಂತ ಯಾರೂ ಅಜ್ಜಿಯನ್ನು ಕೇಳುವುದಿಲ್ಲ. ತೆರಿಗೆ ಲೆಕ್ಕ ಬೇರೆ, ಮಾರುವ ಲೆಕ್ಕ ಬೇರೆ ಅಂತ ಎಲ್ಲರಿಗೂ ಗೊತ್ತು.

ಸಿದ್ಧಗಂಗೆ_ದಾರಿ:
ಹತ್ತು ದಿನ ಬರಲಿಲ್ಲ, ಕ್ಷಮಿಸಿ. ಪುಟ್ಟಕ್ಕ ಅವರು ಕೇಳಿದ ಎರಡನೇ ಪ್ರಶ್ನೆಗೆ ನನ್ನ ಉತ್ತರ ಸಹಿ ಹಾಕುವುದಿಲ್ಲ ಅಂತ. ಅಲ್ಲಿಗೆ 9 ಲಕ್ಷದ ಮಾತು ಮುಗಿಯಿತು. ಚಿಕ್ಕಪ್ಪ ಸ್ವಲ್ಪ ಮುನಿಸಿಕೊಂಡಿದ್ದಾರೆ.

ಆಮೇಲೆ ಒಂದು ಕೆಲಸ ಮಾಡಿದೆ. ಅಡಿಕೆಮನೆ ಸರ್ ಹೇಳಿದ್ದು ತಲೆಯಲ್ಲಿತ್ತು. ಆಚೆ ಬಡಾವಣೆಯ ಬ್ರೋಕರ್ ಒಬ್ಬರಿಗೆ ನಾನು ಫೋನ್ ಮಾಡಿ, ನಮ್ಮ ರಸ್ತೆಯಲ್ಲಿ 30×40 ಇದೆ, ಮಾರಬೇಕು, ಎಷ್ಟು ಕೊಡಿಸುತ್ತೀರಿ ಅಂದೆ. ‘ಈಗ ಡಲ್ ಇದೆ ಸರ್, 2,800 ಬಂದರೆ ಪುಣ್ಯ’ ಅಂದರು. ಎರಡು ದಿನ ಬಿಟ್ಟು ನನ್ನ ಸ್ನೇಹಿತ ಅವರಿಗೇ ಫೋನ್ ಮಾಡಿ, ಅದೇ ರಸ್ತೆಯಲ್ಲಿ ಸೈಟ್ ಬೇಕು ಅಂದ. ‘ಆ ರಸ್ತೆಯಲ್ಲಿ ಸಿಗುವುದೇ ಇಲ್ಲ ಸರ್, ಒಂದೇ ಒಂದಿದೆ, 3,300ಕ್ಕೆ ಕಡಿಮೆ ಆಗಲ್ಲ’ ಅಂದರಂತೆ. ಆ ಒಂದೇ ಒಂದು ನಮ್ಮದೇ!

ಎರಡೂ ಕೂಡಿಸಿ ಅರ್ಧ ಮಾಡಿದರೆ 3,050. ವ್ಯಾಲ್ಯೂಯರ್ 2,900 ಬರೆದಿದ್ದರು, ಅದೂ ಹೋದ ವರ್ಷ. ತಂಗಿ, ಅವಳ ಗಂಡ, ನಾನು, ನನ್ನ ಹೆಂಡತಿ ಕೂತು ಅಡಿಗೆ 3,000 ಅಂತ ಒಪ್ಪಿದೆವು. 36 ಲಕ್ಷ, ಅವಳಿಗೆ 18. ಫೋನಿನ ಕಥೆ ಹೇಳಿದೆ, ಭಾವ ನಕ್ಕರು. ತಂಗಿ ನಗಲಿಲ್ಲ, ‘ಮೊದಲು ಎಷ್ಟು ಅಂದುಕೊಂಡಿದ್ದೆ?’ ಅಂತ ಕೇಳಿದಳು. ಅದನ್ನೂ ಹೇಳಿದೆ.

ಈಗ ಒಂದೇ ಗಂಟು. ನನ್ನ ಹತ್ತಿರ ಈಗ 10 ಲಕ್ಷ ಇದೆ. ಉಳಿದ 8 ಲಕ್ಷಕ್ಕೆ ಎಂಟು ತಿಂಗಳು ಬೇಕು. ಅಷ್ಟರಲ್ಲಿ ರೇಟ್ ಏರಿದರೆ ಆ 8 ಲಕ್ಷದ ಲೆಕ್ಕ ಯಾವ ದಿನದ್ದು?

ಪುಟ್ಟಕ್ಕ:
ಬೆಲೆ ಇವತ್ತಿನದೇ ಇರಲಿ, ತಡವಾದ ದುಡ್ಡಿಗೆ ಬಡ್ಡಿ ಸೇರಿಸಿ. ಇಲ್ಲ ಅಂದರೆ ಎಂಟು ತಿಂಗಳು ಇಬ್ಬರೂ ಆ ರಸ್ತೆಯ ರೇಟ್ ಕೇಳಿಕೊಂಡೇ ಓಡಾಡುತ್ತೀರಿ. ಅದು ಬೇಡ.

ಕೃಷ್ಣಾತೀರ:
ಪುಟ್ಟಕ್ಕ ಹೇಳಿದ್ದು ಸರಿ. ಭೂಸ್ವಾಧೀನ ಕಾಯ್ದೆಯಲ್ಲೂ ಅದಕ್ಕೇ ಮಾರುಕಟ್ಟೆ ಬೆಲೆಯ ಮೇಲೆ ವರ್ಷಕ್ಕೆ ನೂರಕ್ಕೆ 12 ಸೇರಿಸಿ ಕೊಡುತ್ತಾರೆ, ನೋಟಿಫಿಕೇಶನ್ ದಿನದಿಂದ ಅವಾರ್ಡ್ (ಪರಿಹಾರದ ಆದೇಶ) ಅಥವಾ ಸ್ವಾಧೀನದ ದಿನ, ಯಾವುದು ಮೊದಲೋ ಅಲ್ಲಿಯವರೆಗೆ. ಅಣ್ಣ ತಂಗಿ ನಡುವೆ 12 ಬೇಡ, ಬ್ಯಾಂಕಿನ ಎಫ್‌ಡಿ ಬಡ್ಡಿ ಸಾಕು.

ಬಾಂಡ್‌ಪೇಪರ್:
ಕೆಲಸದ ಮಾತು ಎರಡು. ಒಂದು, ಪೂರ್ತಿ ದುಡ್ಡು ಕೊಟ್ಟ ಮೇಲೆ ಹಕ್ಕು ಬಿಡುಗಡೆ ಪತ್ರ ಮಾಡಿಸಿ. ಈಗ ಒಂದು ಅಗ್ರಿಮೆಂಟ್ ಸಾಕು, ಅದರಲ್ಲಿ 36 ಲಕ್ಷ, 18 ಲಕ್ಷ, ಬಡ್ಡಿ, ಕೊನೆಯ ತಾರೀಖು ಎಲ್ಲ ಇರಲಿ. ಎರಡು, ಪತ್ರದಲ್ಲಿ ನಿಜವಾದ ಮೊತ್ತವನ್ನೇ ಬರೆಯಿರಿ, ದುಡ್ಡು ಖಾತೆಯಿಂದ ಖಾತೆಗೆ ಹೋಗಲಿ, ಆ ನಂಬರ್ ಪತ್ರದಲ್ಲಿ ಬರಲಿ. ಒಡಹುಟ್ಟಿದವರ ನಡುವಿನ ಬಿಡುಗಡೆಗೆ ನಮ್ಮಲ್ಲಿ ಸ್ಟಾಂಪ್ ನಿಗದಿತ ಮೊತ್ತ, ಬೆಲೆಯ ಮೇಲೆ ನೂರಕ್ಕೆ ಇಷ್ಟು ಅಂತ ಇಲ್ಲ. ಹಾಗಾಗಿ ಕಡಿಮೆ ಬರೆದು ಸ್ಟಾಂಪಿನಲ್ಲಿ ಉಳಿಸುವುದು ಏನೂ ಇಲ್ಲ.

ಸಿದ್ಧಗಂಗೆ_ದಾರಿ:
ಹಾಗೇ ಮಾಡುತ್ತೇನೆ. ತಂಗಿಯ ಆಡಿಟರ್ ಸೋಮವಾರ ಬರ ಹೇಳಿದ್ದಾರೆ. 2001ರ ದರ ಪಟ್ಟಿ ಬೇಕಂತೆ, ಅದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಅರ್ಜಿ ಕೊಟ್ಟು ಬಂದೆ. ಹಳೆಯ ಪುಸ್ತಕ ಹುಡುಕಬೇಕು, ನಾಡಿದ್ದು ಬನ್ನಿ ಅಂದಿದ್ದಾರೆ.